ಪುಸ್ತಕದ ಅಂಚಿನಲ್ಲಿ ಬರೆದವರು

ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಬಗ್ಗೆ ಪತ್ರಿಕೆಯಲ್ಲಿ ಬಂದಿತ್ತು. ಅಚ್ಚಿನಲ್ಲಲ್ಲ, ಅಚ್ಚಿನ ಪಕ್ಕದ ಖಾಲಿ ಜಾಗದಲ್ಲಿ.

ಎಂಬತ್ತರ ದಶಕದ ಆರಂಭ. ಕಾರವಾರದಲ್ಲಿ ಊರ ಹಿರಿಯರ ಸಮಿತಿಯೊಂದು ನಡೆಸುತ್ತಿದ್ದ ವಾಚನಾಲಯ. ಬೆಳಿಗ್ಗೆ ಬಂದ ಪತ್ರಿಕೆಗಳಿಗೆ ಬಿದಿರಿನ ಕೋಲು ಸಿಕ್ಕಿಸಿ ಮೇಜಿನ ಮೇಲೆ ಹರಡುವುದು, ಸಂಜೆ ಅವನ್ನು ಎತ್ತಿ ಜೋಡಿಸಿಡುವುದು ನನಗೆ ಹೇಳಿಕೊಟ್ಟ ಮೊದಲ ಕೆಲಸ. ಅವತ್ತು ಸಂಜೆ ಎತ್ತುವಾಗ ಮೂರನೆಯ ಪುಟದ ಅಂಚಿನಲ್ಲಿ ನೀಲಿ ಶಾಯಿಯ ಸಾಲೊಂದು ಕಂಡಿತು. ‘ಹೊಸ ಅಕ್ಕೋರಿಗೆ ನಗುವುದು ಯಾರೂ ಕಲಿಸಲಿಲ್ಲವೇ?’ ಅದರ ಕೆಳಗೆ ಬೇರೆ ಕೈ: ‘ಹಲ್ಲು ಹುಳುಕಿರಬೇಕು.’ ಅದರ ಕೆಳಗೆ ಮೂರನೆಯವರು: ‘ಹೆಂಗಸರ ಬಗ್ಗೆ ಹೀಗೆ ಬರೆಯುವವರು ಮನೆಯಲ್ಲಿ ಏನು ಕಲಿತರೋ!’ ನಾಲ್ಕನೆಯವರು ಮೂರನೆಯವರಿಗೆ: ‘ನೀನು ಬಹಳ ಕಲಿತವನೋ?’ ಐದನೆಯವರು ಮಾತಿನ ಗೊಡವೆಯೇ ಬೇಡವೆಂದು ಒಂದು ಕತ್ತೆಯ ಚಿತ್ರ ಬಿಡಿಸಿದ್ದರು. ಆ ಕತ್ತೆ ನಾಲ್ಕನೆಯವರೋ ನಾನೋ ಎಂಬುದು ಕೊನೆಗೂ ಗೊತ್ತಾಗಲಿಲ್ಲ.

ದಿನವಿಡೀ ಆ ಕೋಣೆಯಲ್ಲಿ ಒಬ್ಬರೂ ದನಿ ಎತ್ತಿರಲಿಲ್ಲ. ಪೂಜೆಗೆ ಕೂತವರ ಹಾಗೆ ತಲೆ ತಗ್ಗಿಸಿ ಓದುತ್ತಿದ್ದರು. ಹೋಗುವಾಗ ಇಬ್ಬರು ನನಗೆ ಕೈಮುಗಿದಿದ್ದರು. ಅಷ್ಟು ಸೌಮ್ಯ ಜನ ನನ್ನ ಕಣ್ಣೆದುರೇ ಇಡೀ ದಿನ ಹೊಡೆದಾಡಿದ್ದರು!

ಪತ್ರಿಕೆಯನ್ನು ಹಿಡಿದುಕೊಂಡು ನನ್ನ ಮೇಲಿನವರಾದ ಕಾಮತರ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ ಓದಿದರು.

“ಎಷ್ಟು ಜನ? ಐದಾ? ಮೊದಲ ದಿನಕ್ಕೇ ಐದು! ನಂಗೆ ಮೂರೇ ಸಿಕ್ಕಿತ್ತು ಮಾರಾಯ್ತಿ.”

ಡ್ರಾವರಿನಿಂದ ಒಂದು ದಪ್ಪ ರಬ್ಬರು ತೆಗೆದು ನನ್ನ ಕೈಗಿಟ್ಟರು. “ಪತ್ರಿಕೆದು ಚಿಂತೆ ಬೇಡ. ನಾಳೆ ರದ್ದಿಗೆ ಹೋಗ್ತದೆ. ಪುಸ್ತಕದಲ್ಲಿ ಬರೆದ್ರೆ ಮಾತ್ರ ಬಿಡಬೇಡ, ಕಂಡ ಕೂಡ್ಲೆ ಅಳಿಸು. ಒಂದು ಸಾಲು ಬಿಟ್ರೆ ತಿಂಗಳಲ್ಲಿ ಹತ್ತು ಸಾಲು ಆಗ್ತದೆ. ಮತ್ತೊಂದು, ಬರೆದವರು ಯಾರು ಹೇಳಿ ಹುಡುಕೂಕೆ ಹೋಗಬೇಡ ತಂಗೀ. ಹುಡುಕಿದ್ರೆ ಸಿಗ್ತಾರೆ. ಸಿಕ್ಕಿದ ಮೇಲೆ ಎಂತ ಮಾಡೂದು?”

ಈಗ ನಮ್ಮ ಪಕ್ಕದ ಮನೆಯ ಹುಡುಗಿ ಫೋನಿನಲ್ಲಿ ಊರವರ ಗುಂಪೊಂದನ್ನು ನಡೆಸುತ್ತಾಳೆ. ಅಲ್ಲಿ ಯಾರೋ ಯಾರನ್ನೋ ಬೈದು ಬರೆದಾಗ ನನ್ನ ಹತ್ತಿರ ಬಂದು ಕಣ್ಣೀರು ಹಾಕುತ್ತಾಳೆ. ಟ್ರೋಲ್ ಎಂಬ ಶಬ್ದ ಅವಳಿಂದಲೇ ನಾನು ಕಲಿತದ್ದು. “ನಿಮ್ಮ ಕಾಲದಾಗೆ ಇದೆಲ್ಲ ಇರಲಿಲ್ಲ ಅಲ್ವೇ ದೊಡ್ಡಮ್ಮ?” ಎಂದು ಕೇಳುತ್ತಾಳೆ. ಇತ್ತು ಮಗಳೇ. ಅವರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು, ಅಷ್ಟೇ ವ್ಯತ್ಯಾಸ. ಅವಳಿಗೂ, ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರಿಗೂ ಹೇಳಬೇಕಾದ ಕೆಲವು ಸಂಗತಿಗಳಿವೆ. ಅದರಲ್ಲಿ ಒಂದನ್ನು ಹೇಳಲು ಇಪ್ಪತ್ತು ವರ್ಷಕ್ಕೂ ಮೇಲೆ ನನಗೆ ಧೈರ್ಯ ಬರಲಿಲ್ಲ.

ಮೊದಲು ಧೈರ್ಯ ಬೇಡದ್ದನ್ನು ಹೇಳುತ್ತೇನೆ.

ಕಾರವಾರದಲ್ಲಿ ನಮಗೆ ಪತ್ತೇದಾರಿ ಕಾದಂಬರಿಗಳ ಒಂದು ದೊಡ್ಡ ಕಪಾಟು ಇತ್ತು. ಹೆಚ್ಚು ಓಡುವ ಪುಸ್ತಕಗಳು ಅವೇ. ಒಂದು ಮಳೆಗಾಲದಲ್ಲಿ ಅವುಗಳ ಎರಡನೆಯ ಪುಟದ ಮೇಲ್ಗಡೆ ಸುಂದರವಾದ ದುಂಡು ಅಕ್ಷರಗಳಲ್ಲಿ ಸಾಲುಗಳು ಕಾಣಿಸಿಕೊಳ್ಳತೊಡಗಿದವು. ‘ಕೊಂದವನು ಅಡುಗೆಯವನು.’ ‘ಕೊಂದವಳು ಚಿಕ್ಕಮ್ಮ, ಕೊನೆಯ ಅಧ್ಯಾಯದಲ್ಲಿ ಸಿಕ್ಕಿಬೀಳುತ್ತಾಳೆ.’ ‘ಯಾರೂ ಕೊಂದಿಲ್ಲ, ಅವನು ಸತ್ತೇ ಇಲ್ಲ.’ ಓದುಗರು ಕೆಂಡವಾದರು. ಒಬ್ಬ ಬ್ಯಾಂಕಿನ ಗುಮಾಸ್ತರಂತೂ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, “ಅಕ್ಕೋರೇ, ನನ್ನ ರವಿವಾರ ವಾಪಸ್ ಕೊಡಿ” ಎಂದರು.

ಕಾಮತರು ಬೇಡವೆಂದರೂ ನಾನು ಹುಡುಕಿದೆ. ಪುಸ್ತಕದ ಹಿಂದೆ ಅಂಟಿಸಿದ ತಾರೀಕಿನ ಚೀಟಿಯಲ್ಲಿ ಯಾರು ಯಾವಾಗ ಒಯ್ದರು ಎಂಬುದು ಸಿಗುತ್ತದೆ. ಹತ್ತು ಪುಸ್ತಕಗಳ ಚೀಟಿ ಹೋಲಿಸಿದೆ. ಹತ್ತರಲ್ಲೂ ಇದ್ದ ನಂಬರು ಒಂದೇ, ನಿವೃತ್ತ ಪೋಸ್ಟ್ ಮಾಸ್ತರರಾದ ಶಾನಭಾಗರದ್ದು. ದಿನವೂ ಇಸ್ತ್ರಿ ಮಾಡಿದ ಅಂಗಿ ಹಾಕಿ ಬರುತ್ತಿದ್ದ, ಮಾತಿಗೆ ಮೊದಲು ನಮಸ್ಕಾರ ಹೇಳುತ್ತಿದ್ದ ಮನುಷ್ಯ. ನನಗೆ ನಂಬಲಾಗಲಿಲ್ಲ. ಕೇಳಿದರೆ ಅವರು ಸ್ವಲ್ಪವೂ ನಾಚಲಿಲ್ಲ.

“ಇನ್ನೂರು ಪುಟ ಓದಿ ಅಡುಗೆಯವ ಹೇಳಿ ಗೊತ್ತಾಯ್ತು. ನನ್ನ ವೇಳೆ ಹಾಳಾಯ್ತು. ಉಳಿದವರದ್ದಾದರೂ ಉಳೀಲಿ ಹೇಳಿ ಬರೆದೆ. ತಪ್ಪಾ?”

ಮೂವತ್ತು ವರ್ಷ ಇನ್ನೊಬ್ಬರ ಪತ್ರ ಮುಟ್ಟಿಯೂ ಒಡೆದು ಓದದೇ ಇದ್ದ ಮನುಷ್ಯನಿಗೆ ಈಗ ಗುಟ್ಟು ಹೇಳುವ ಚಪಲ ಬಂದಿತ್ತೋ ಏನೋ. ನಾನು ಅವರಿಗೆ ಒಂದು ಕೆಲಸ ಕೊಟ್ಟೆ. ಬಾಗಿಲ ಹತ್ತಿರದ ಕರಿಹಲಗೆಯ ಮೇಲೆ ವಾರಕ್ಕೊಂದು ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆಯಬೇಕು, ಕೊನೆ ಮಾತ್ರ ಹೇಳಬಾರದು. ಮೊದಲ ವಾರ ಅವರು ಪಟ್ಟ ಸಂಕಟ ನೋಡಲಾಗಲಿಲ್ಲ. ಸೀಮೆಸುಣ್ಣ ಹಿಡಿದು ಹತ್ತು ನಿಮಿಷ ನಿಂತಿದ್ದರು. ಆಮೇಲೆ ಜನ ಹಲಗೆ ಓದಲೆಂದೇ ಬರತೊಡಗಿದರು. ಪುಸ್ತಕಗಳಲ್ಲಿ ಆ ದುಂಡು ಅಕ್ಷರ ಮತ್ತೆ ಕಾಣಲಿಲ್ಲ.

ಈ ಗೆಲುವು ನನ್ನ ತಲೆಗೇರಿತು. ಚೀಟಿ ನೋಡಿದರೆ ಬರೆದವರು ಸಿಗುತ್ತಾರೆ, ಸಿಕ್ಕರೆ ಸರಿಮಾಡಬಹುದು ಎಂದು ನಾನು ನಂಬಿದೆ. ಈ ನಂಬಿಕೆಯನ್ನು ಹೊತ್ತುಕೊಂಡೇ ಅದೇ ಸಮಿತಿಯ ಅಂಕೋಲೆಯ ಶಾಖೆಗೆ ವರ್ಗವಾಗಿ ಹೋದೆ.

ಅಂಕೋಲೆಯಲ್ಲಿ ನಾನೊಬ್ಬಳೇ. ಒಂದು ಉದ್ದನೆಯ ಕೋಣೆ, ಎರಡು ಬೆಂಚು, ಒಂಬತ್ತು ಕಪಾಟು. ಸಂತೆಯ ದಿನ ಸುತ್ತಲಿನ ಹಳ್ಳಿಗಳಿಂದ ಬಂದವರೆಲ್ಲ ಗೋಣಿಚೀಲವನ್ನು ಜಗಲಿಯ ಮೇಲಿಟ್ಟು ಒಳಗೆ ಬಂದು ಪತ್ರಿಕೆ ತಿರುವಿ ಹೋಗುತ್ತಿದ್ದರು. ಅವತ್ತು ಕೋಣೆಯಲ್ಲಿ ಮಾವಿನ ಹಣ್ಣಿನದೋ ಒಣಮೀನಿನದೋ ವಾಸನೆ ತುಂಬುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ ಕಾರವಾರದ ದಾರಿಯಲ್ಲಿದ್ದ ಅರ್ಗಾದ ಬದಿಯ ಕೇರಿಗಳು ನೌಕಾನೆಲೆಗಾಗಿ ಖಾಲಿಯಾದವು. ಜನ ತೋಡೂರಿನ ಪುನರ್ವಸತಿ ಕಾಲನಿಗೂ ನೆಂಟರಿದ್ದ ಊರುಗಳಿಗೂ ಹೋದರು. ದೇಶಕ್ಕೆ ಬೇಕಾದ್ದು ಆಗಲೇಬೇಕು ಎನ್ನುವವರು ಒಂದು ಕಡೆ, ಗದ್ದೆ ಬಿಟ್ಟವನ ಹೊಟ್ಟೆಯ ಪಾಡೇನು ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ನನ್ನ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಒಂದೇ ಪತ್ರಿಕೆಯ ಎರಡು ಅಂಚುಗಳಲ್ಲಿ ಜಗಳವಾಡಿದರು. ಕೆಲವು ದಿನ ಸುದ್ದಿಯ ಅಕ್ಷರವೇ ಕಾಣದಷ್ಟು ಬರಹ.

ನಾನು ಉಪಾಯ ಮಾಡಿದೆ. ಇನ್ನೂರು ಪುಟದ ನೋಟುಬುಕ್ಕೊಂದನ್ನು ಬಾಗಿಲ ಬಳಿಯ ಮೇಜಿಗೆ ಸುತಳಿಯಿಂದ ಕಟ್ಟಿದೆ. ಜತೆಗೆ ಒಂದು ಪೆನ್ನು. ಮೇಲೆ ‘ಓದುಗರ ಅಭಿಪ್ರಾಯ, ಹೆಸರು ಬರೆಯುವುದು’ ಎಂದು ಬರೆದೆ. ಎರಡು ವಾರ ಒಬ್ಬರೂ ಮುಟ್ಟಲಿಲ್ಲ. ಆಮೇಲೆ ‘ಹೆಸರು ಬರೆಯುವುದು’ ಎಂಬ ಎರಡು ಶಬ್ದ ಹೊಡೆದು ಹಾಕಿದೆ. ಮರುದಿನವೇ ಐದು ಪುಟ ತುಂಬಿತು!

ಅದರಲ್ಲಿ ಒಂದು ಕೈ ಇತ್ತು. ಎಡಕ್ಕೆ ವಾಲಿದ, ಚೂಪು ಅಕ್ಷರ. ಅದು ವಾದ ಮಾಡುತ್ತಿರಲಿಲ್ಲ, ಚುಚ್ಚುತ್ತಿತ್ತು. ‘ಅರ್ಗಾದವರಿಗೆ ಹೊಸ ಮನೆ ಸಿಕ್ಕ ಮೇಲೂ ಹಳೆಯ ಅಳುವೇಕೆ?’ ‘ಸಂತೆಯಲ್ಲಿ ಎಲ್ಲಿ ನೋಡಿದರೂ ಅವರೇ, ನಮಗೆ ಕಾಲಿಡಲು ಜಾಗವಿಲ್ಲ.’ ‘ಇವರ ಹೆಂಗಸರು ಬಸ್ಸಿನಲ್ಲಿ ಮಾತಾಡುವುದು ಕೇಳಿದರೆ ಕಾಗೆ ವಾಸಿ.’ ಕೆಲವು ಸಾಲುಗಳನ್ನು ಈಗಲೂ ನಾನು ಬರೆಯಲಾರೆ. ಅಜ್ಜಿಯ ಮಡಿಲಲ್ಲಿ ಮಾತು ಕಲಿತವಳು ನಾನು. ನಮ್ಮ ಕನ್ನಡದಲ್ಲಿ ಇಂಥದೆಲ್ಲ ಹೇಳಲು ಸಾಧ್ಯ ಎಂಬುದೇ ನನಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಆ ಪುಟ ಹರಿದು ಹಾಕಿದೆ. ದಿನಾ ಸಂಜೆ ಮತ್ತೆ ಬಂತು. ಯಾರೆಂದು ತಿಳಿಯಲು ನೋಟುಬುಕ್ಕಿಗೆ ತಾರೀಕಿನ ಚೀಟಿಯೂ ಇಲ್ಲ. ಬೆಂಚಿನ ಮೇಲೆ ಕೂತ ಪ್ರತಿಯೊಬ್ಬರ ಬೆರಳುಗಳನ್ನು ನೋಡುತ್ತ ಕೂರುವ ಚಾಳಿ ಹತ್ತಿತು. ಮಾತಿಗೆ ಮೊದಲು ಸಿಟ್ಟು ಬರತೊಡಗಿತು.

ಬೀರಣ್ಣನ ವಿಷಯ ನಡೆದದ್ದು ಇಂಥ ಹೊತ್ತಿನಲ್ಲಿ.

ಬೀರಣ್ಣ ಅರ್ಗಾದ ಬದಿಯ ಕೇರಿಯವರು. ತಾವು ಉಳುತ್ತಿದ್ದ ಗದ್ದೆ ಬಿಟ್ಟು ತೋಡೂರಿನ ಕಾಲನಿಗೆ ಬಂದು ಕೂಲಿ ಮಾಡುತ್ತಿದ್ದರು. ಐವತ್ತರ ಆಸುಪಾಸು, ಕಡಿಮೆ ಮಾತು. ಸಂತೆಯ ದಿನ ಬಸ್ಸಿನಲ್ಲಿ ಬಂದು ಎರಡು ಪುಸ್ತಕ ಒಯ್ದು ಮುಂದಿನ ಸಂತೆಗೆ ತಪ್ಪದೆ ತರುತ್ತಿದ್ದರು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ ಓದುಗರು ಅವರೊಬ್ಬರೇ. ಅವರು ಒಯ್ಯುವ ಪುಸ್ತಕಗಳಿಗೆ ಒಂದು ಕ್ರಮವಿರಲಿಲ್ಲ. ಒಮ್ಮೆ ಮಕ್ಕಳ ಕಥೆ, ಒಮ್ಮೆ ಹೊಲಿಗೆಯ ಪುಸ್ತಕ, ಒಮ್ಮೆ ಪುರಾಣ. ನನಗೆ ಅದು ವಿಚಿತ್ರವಾಗಿ ಕಂಡಿತ್ತು. ಕೇಳಿರಲಿಲ್ಲ.

ಒಮ್ಮೆ ಅವರು ಕರಾವಳಿಯ ಗಿಡಮರಗಳ ಬಗೆಗಿನ ದಪ್ಪ ಪುಸ್ತಕವೊಂದನ್ನು ಒಯ್ದರು. ವಾರಕ್ಕೆ ತಂದು, “ಮತ್ತೊಂದು ವಾರ ಇರಲಿ ಅಕ್ಕೋರೇ” ಎಂದರು. ಹೀಗೆ ಆರು ವಾರ. ಏಳನೆಯ ಸಂತೆಗೆ ಮೇಜಿನ ಮೇಲಿಟ್ಟಾಗ ನಾನು ಪುಟ ತಿರುವಿದೆ. ಒಂದು ಪುಟದ ಅಂಚೂ ಖಾಲಿ ಇರಲಿಲ್ಲ! ಮೇಲೆ, ಕೆಳಗೆ, ಚಿತ್ರಗಳ ಸುತ್ತ, ಸಾಲುಗಳ ನಡುವೆ, ಎಲ್ಲ ಕಡೆ ಪೆನ್ಸಿಲ್ಲಿನ ಬರಹ. ನನ್ನ ಕಣ್ಣಿಗೆ ಮೊದಲು ಬಿದ್ದ ಶಬ್ದ ‘ಸುಳ್ಳು’. ಪಕ್ಕದ ಪುಟದಲ್ಲೂ ‘ಸುಳ್ಳು, ಹೇಳಿದವನಿಗೆ ಕಣ್ಣಿಲ್ಲ’. ಅಷ್ಟು ಸಾಕಾಯಿತು ನನಗೆ. ತಿಂಗಳುಗಟ್ಟಲೆ ನೋಟುಬುಕ್ಕಿನ ಮುಂದೆ ನುಂಗಿಕೊಂಡ ಸಿಟ್ಟೆಲ್ಲ ಗಂಟಲಿಗೆ ಬಂತು.

“ಬೀರಣ್ಣ, ಇದು ಎಂತದು?”

“ಅಕ್ಕೋರೇ, ಅದು...”

“ಬರೆದದ್ದು ನೀವೋ ಅಲ್ವೋ? ಅಷ್ಟು ಹೇಳಿ.”

ಸಂತೆಯ ದಿನ. ಕೋಣೆ ತುಂಬ ಜನ. ಎಲ್ಲರ ಮುಖವೂ ಪತ್ರಿಕೆಯಿಂದ ಮೇಲೆದ್ದಿತ್ತು. ಬೀರಣ್ಣ ಒಮ್ಮೆ ಪುಸ್ತಕದ ಕಡೆ, ಒಮ್ಮೆ ಬೆಂಚಿನ ಕಡೆ ನೋಡಿದರು.

“ಕಾರ್ಡು ನಂದು” ಎಂದರು. “ಹಂಗಾರೆ ನಾನೇ ಹೇಳಿ ಬರಕೊಳ್ಳಿ.”

ನಾನು ಅವರ ಕಾರ್ಡನ್ನು ಕಿತ್ತುಕೊಂಡು ಅದರ ಮೇಲೆ ಅಡ್ಡ ಗೆರೆ ಎಳೆದೆ. “ಇನ್ನು ನಿಮ್ಗೆ ಇಲ್ಲಿ ಪುಸ್ತಕ ಇಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಆಗ ಬೆಂಚಿನ ಆ ತುದಿಯಿಂದ ಯಾರೋ ಒಬ್ಬರು, “ಕಾಲನಿ ಜಾಗ ಸಾಲ್ದು ಹೇಳಿ ಪುಸ್ತಕದ ಅಂಚಿಗೂ ಮನೆ ಕಟ್ಟಿದ್ನಪ್ಪಾ ಇವ!” ಎಂದರು. ಕೋಣೆ ಘೊಳ್ಳೆಂದು ನಕ್ಕಿತು.

ನಾನೂ ನಕ್ಕೆ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಬೀರಣ್ಣ ಪುಸ್ತಕ ಸುತ್ತಿ ತಂದಿದ್ದ ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಮರುದಿನ ವಾಚನಾಲಯಕ್ಕೆ ರಜೆ. ಪುಸ್ತಕವನ್ನು ಮನೆಗೆ ತಂದು, ಊಟವಾದ ಮೇಲೆ ಕಿಟಕಿಯ ಬಳಿ ಕೂತು ರಬ್ಬರು ಹಿಡಿದೆ. ಹದಿನೈದು ವರ್ಷಕ್ಕೂ ಹೆಚ್ಚಿನ ಅಭ್ಯಾಸ. ಓದುವುದಿಲ್ಲ, ಅಳಿಸುವುದಷ್ಟೇ. ಓದಿದರೆ ಮನಸ್ಸು ಕೆಡುತ್ತದೆ ಎಂದು ನನಗೆ ನಾನೇ ಮಾಡಿಕೊಂಡ ನಿಯಮ. ಮೊದಲ ಪುಟದಿಂದ ಹಿಡಿದು ಒಂದೊಂದೇ ಅಂಚನ್ನು ತಿಕ್ಕುತ್ತ ಹೋದೆ. ರಬ್ಬರಿನ ಪುಡಿ ಮಡಿಲು ತುಂಬಿತು. ಪುಸ್ತಕ ಹಾಳು ಮಾಡಿದವನನ್ನು ಬೈಯುತ್ತ ನಾಲ್ಕು ಗಂಟೆ ತಿಕ್ಕಿದೆ.

ಕೊನೆಗೆ ಹತ್ತೋ ಹನ್ನೆರಡೋ ಪುಟ ಉಳಿದಿದ್ದಾಗ ಕೈ ನೋವಾಗಿ ನಿಲ್ಲಿಸಿದೆ. ಕಣ್ಣು ತಾನಾಗಿ ಒಂದು ಸಾಲಿನ ಮೇಲೆ ಬಿತ್ತು. ಮಾವಿನ ಮರದ ಚಿತ್ರದ ಪಕ್ಕ, ಶಾಲೆಯ ಮಕ್ಕಳ ಹಾಗೆ ಬಿಡಿಬಿಡಿ ಅಕ್ಷರ:

‘ಈ ಇಶಾಡು ಜಾತಿಯ ಮಾವು ನಮ್ಮ ಕೇರಿಯಲ್ಲಿ ಎರಡು. ಒಂದು ಬಾವಿಯ ಹತ್ತಿರ. ಬೀರಣ್ಣನ ಅವ್ವಿಗೆ ಹೆರಿಗೆ ನೋವು ಬಂದದ್ದು ಅದರ ಕೆಳಗೆ.’

ಅದರ ಕೆಳಗೆ ಬೇರೆ ಕೈ: ‘ಎರಡಲ್ಲ, ಮೂರು. ಮೂರನೆಯದು ಗಾಳಿಗೆ ಬಿತ್ತು. ಅದರ ಹಲಗೆಯಿಂದ ಶಾಲೆಯ ಬಾಗಿಲು ಮಾಡಿದ್ದು.’

ಇನ್ನೊಂದು ಕೈ: ‘ಸುಳ್ಳು. ಬಾಗಿಲು ಹಲಸಿನದು.’

ರಬ್ಬರು ಕೆಳಗಿಟ್ಟು ಮುಂದಿನ ಪುಟ ತಿರುವಿದೆ. ಮುರುಗಲ ಮರದ ಪಕ್ಕ: ‘ಗಡಿಯ ಕಲ್ಲಿಗೆ ತಾಗಿ. ಹಣ್ಣಿಗೆ ಎರಡು ಮನೆಯವರಿಗೂ ಜಗಳ, ಸಿಪ್ಪೆ ಒಣಗಿಸುವುದು ಮಾತ್ರ ಒಂದೇ ಚಾಪೆಯ ಮೇಲೆ.’ ಹಾಲೆ ಮರದ ಪಕ್ಕ: ‘ಇದರ ತೊಗಟೆ ಜ್ವರಕ್ಕೆ ಹೇಳಿ ಪುಸ್ತಕದಲ್ಲಿದೆ. ಎಷ್ಟು ಹೇಳಿ ಇಲ್ಲ. ಹೊನ್ನಮ್ಮನನ್ನು ಕೇಳಿ ಬರೆದದ್ದು.’

ಅದು ಬೈಗುಳವಲ್ಲ. ನೌಕಾನೆಲೆಯ ಬೇಲಿಯ ಒಳಗೆ ಹೋದ ಒಂದು ಕೇರಿಯ ಮರಗಳನ್ನು, ಯಾವುದು ಎಲ್ಲಿತ್ತು, ಯಾರ ಮನೆಯ ಹಿಂದಿತ್ತು ಎಂದು, ಹತ್ತಾರು ಜನ ಸೇರಿ ಜಗಳವಾಡುತ್ತ ಬರೆದಿಟ್ಟದ್ದು. ಆರು ವಾರದ ಕೆಲಸ. ನಾನು ಅದರಲ್ಲಿ ಹತ್ತು ಹನ್ನೆರಡು ಪುಟ ಬಿಟ್ಟು ಎಲ್ಲವನ್ನೂ ನನ್ನ ಕೈಯಾರೆ ತಿಕ್ಕಿ ತೆಗೆದಿದ್ದೆ.

ಹಿಂದಿನ ಪುಟಗಳನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಪೆನ್ಸಿಲ್ ಒತ್ತಿದ ಗುರುತು ಅಲ್ಲಲ್ಲಿ ಇತ್ತು. ‘ಹೊನ್ನೆ’, ‘ತೋಡಿನ ಆಚೆ’, ‘ಅಣ್ಣ ನೆಟ್ಟದ್ದು’, ಅಷ್ಟೇ. ಮಡಿಲ ತುಂಬ ಇದ್ದ ಕಪ್ಪು ಪುಡಿಯನ್ನು ಕೊಡವಲೂ ಆಗದೆ ಕೂತುಬಿಟ್ಟೆ. ಮೂವತ್ತೈದು ವರ್ಷದ ಕೆಲಸದಲ್ಲಿ ಯಾರೋ ನನ್ನ ಮೇಲೆ ಬರೆದ ಸಾಲುಗಳನ್ನು ಓದಿ ಎಷ್ಟೋ ಸಲ ಬೆಚ್ಚಿದ್ದೇನೆ. ನನ್ನ ಕೈಯನ್ನೇ ನೋಡಿ ಬೆಚ್ಚಿದ್ದು ಅದೊಂದೇ ಸಲ.

ಮುಂದಿನ ದಿನ ಅರ್ಧ ದಿನ ಬಾಗಿಲು ಹಾಕಿ, ಪುಸ್ತಕ, ಕಾರ್ಡು, ಒಂದು ಹೊಸ ನೋಟುಬುಕ್ಕು ಹಿಡಿದು ತೋಡೂರಿನ ಬಸ್ಸು ಹತ್ತಿದೆ. ಕಾಲನಿಯಲ್ಲಿ ಬೀರಣ್ಣನ ಮನೆ ಕೇಳಿದರೆ ತಕ್ಷಣ ತೋರಿಸಿದರು. ಅಂಗಳದಲ್ಲಿ ಒಬ್ಬ ಅಜ್ಜಿ ಮೆಣಸಿನಕಾಯಿ ಹರಡುತ್ತಿದ್ದಳು.

“ಯಾರು? ಪುಸ್ತಕದ ಅಕ್ಕೋರಾ? ಬಾ, ಕೂಡ್ರು. ಮೊದಲು ನೀರು ಕುಡಿ. ಬೈಯೂದು ಆಮೇಲೆ ಬೈತೆ” ಎಂದಳು. ಅವಳೇ ಹೊನ್ನಮ್ಮ.

ಬೀರಣ್ಣ ಒಳಗಿಂದ ಬಂದು ಕಂಬಕ್ಕೊರಗಿ ನಿಂತರು. ಐದು ನಿಮಿಷದಲ್ಲಿ ಅಂಗಳದಲ್ಲಿ ಇಪ್ಪತ್ತು ಜನ ಸೇರಿದರು. ಆಗ ಗೊತ್ತಾಯಿತು. ಹದಿನಾಲ್ಕು ಮನೆಗಳಿಗೆ ಅದು ಒಂದೇ ಕಾರ್ಡು! ನಮ್ಮಲ್ಲಿ ಸದಸ್ಯರಾಗಲು ಮನೆ ನಂಬರು ಬೇಕಿತ್ತು. ಹಳೆಯ ಮನೆ ಹೋಗಿತ್ತು, ಹೊಸ ಮನೆಗಳಿಗೆ ನಂಬರು ಬಂದಿರಲಿಲ್ಲ. ಬೀರಣ್ಣನ ಹೆಸರಿಗೆ ಮೊದಲಿನ ಕಾರ್ಡೊಂದು ಇದ್ದದ್ದರಿಂದ ಎಲ್ಲರ ಪುಸ್ತಕವೂ ಅದರ ಮೇಲೆಯೇ ಬರುತ್ತಿತ್ತು. ಮಕ್ಕಳ ಕಥೆ ಒಂದು ಮನೆಗೆ, ಹೊಲಿಗೆ ಇನ್ನೊಂದಕ್ಕೆ. ಪುರಾಣವನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ನಾನು ನಂಬಿಕೊಂಡಿದ್ದ ತಾರೀಕಿನ ಚೀಟಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

“ಬರೆಯೂದು ತಪ್ಪು ಹೇಳಿ ನಮಗೂ ಗೊತ್ತಿತ್ತು” ಎಂದಳು ಒಬ್ಬ ಹೆಂಗಸು. “ಬೀರಣ್ಣನೇ ಹೇಳಿದ್ದು, ಪೆನ್ನು ಮುಟ್ಟಬೇಡಿ, ಪೆನ್ಸಿಲ್ಲಲ್ಲಿ ಬರೀರಿ. ಎಲ್ಲಾ ಮರ ಆದ ಮೇಲೆ ಒಂದು ಬುಕ್ಕಿಗೆ ಇಳಿಸಿಕೊಂಡು ಅಳಿಸಿ ಕೊಡ್ವಾ ಹೇಳಿ. ಆ ವಾರ ಬುಕ್ಕು ತರೂಕೆ ಹೇಳಿಯೇ ಸಂತೆಗೆ ಹೋದದ್ದು. ನಿಮ್ಮ ಹತ್ರ ಮತ್ತೊಂದು ವಾರ ಕೇಳೂಕೆ.”

ನಾನು ಪುಸ್ತಕ ತೆರೆದು ಖಾಲಿ ಅಂಚುಗಳನ್ನು ತೋರಿಸಿದೆ. ನಾನೇ ಅಳಿಸಿದೆ ಎಂದೆ. ಪುಸ್ತಕ ಕೈಯಿಂದ ಕೈಗೆ ಹೋಯಿತು, ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. ಒಬ್ಬ ಮುದುಕ ಪುಟ ಮುಟ್ಟಿ ನೋಡಿ, “ಎಷ್ಟು ಚಂದ ಅಳಿಸಿದ್ರಿ ಅಕ್ಕೋರೇ, ಕಾಗದ ಸ್ವಲ್ಪವೂ ಹರೀಲಿಲ್ಲ” ಎಂದ. ಅದು ಕೊಂಕಲ್ಲ, ಮೆಚ್ಚಿಕೆ. ನನಗೆ ಅಲ್ಲೇ ಭೂಮಿಗೆ ಇಳಿದುಹೋಗೋಣ ಎನ್ನಿಸಿತು.

ಹೊನ್ನಮ್ಮ ಮೆಣಸಿನಕಾಯಿ ಬದಿಗೆ ಸರಿಸಿ ಹತ್ತಿರ ಬಂದಳು. “ಅಳಿಸಿದ್ದು ಕಾಗದದಿಂದ. ನನ್ನ ತಲೆಯಿಂದ ಅಲ್ಲ. ಬರಕೋ ಹೆಣ್ಣೇ. ಮೊದಲು ಹೊನ್ನೆ ಮರ.”

ಶುರುವಾಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಲಿಲ್ಲ. ಹೊನ್ನೆ ಮರ ನೀರು ಹರಿಯುವ ತೋಡಿನ ಆಚೆ ಎಂದಳು ಹೊನ್ನಮ್ಮ. ಈಚೆ ಎಂದ ಮುದುಕ. “ನಿನ್ನ ಕಣ್ಣು ಆಗಲೇ ಹೋಗಿತ್ತು!” “ನಿನ್ನ ತಲೆ ಯಾವಾಗ ಇತ್ತು?” ನಾನು ಪೆನ್ನು ಎತ್ತಿಕೊಂಡು ಕೂತೆ. ಯಾವುದನ್ನು ಬರೆಯಲಿ? ನನ್ನ ವೃತ್ತಿಯ ಅಭ್ಯಾಸ ಬಿಡಬೇಕಲ್ಲ, “ಒಂದು ತೀರ್ಮಾನ ಮಾಡಿ ಹೇಳಿ” ಎಂದೆ.

ಆಗ ಕಂಬಕ್ಕೊರಗಿದ್ದ ಬೀರಣ್ಣ ಮೊದಲ ಸಲ ಬಾಯಿಬಿಟ್ಟರು.

“ಇಬ್ರದ್ದೂ ಬರೀರಿ ಅಕ್ಕೋರೇ. ಒಳಗೆ ಹೋಗಿ ನೋಡಿ ಬರೂಕೆ ಬಿಡೂದಿಲ್ಲ. ಯಾರದ್ದು ಖರೆ ಹೇಳಿ ತೀರ್ಮಾನ ಮಾಡೂದು ಹೆಂಗೆ? ಹೆಸರು ಹಾಕಿ ಇಬ್ರದ್ದೂ ಬರೀರಿ.”

ಇಬ್ಬರದ್ದೂ ಬರೆದೆ. ಹೊರಡುವಾಗ ಕಾರ್ಡು ತೆಗೆದು ಅವರ ಮುಂದೆ ಹಿಡಿದೆ. ಅಡ್ಡ ಗೆರೆಯ ಪಕ್ಕ ‘ಗೆರೆ ತಪ್ಪಾಗಿ ಎಳೆದದ್ದು’ ಎಂದು ಬರೆದು ಸಹಿ ಹಾಕಿದ್ದೆ. ಅವರು ಕೈ ಚಾಚಲಿಲ್ಲ.

“ಗೆರೆ ಎಳೆದದ್ದು ಅಲ್ಲಿ, ಅಷ್ಟು ಜನರ ಎದುರಿಗೆ. ನೀವೂ ನಕ್ಕಿದ್ರಿ, ನಾನು ನೋಡ್ದೆ. ಇಲ್ಲಿ ನನ್ನ ಅಂಗಳದಾಗೆ ಕೊಟ್ರೆ ಅದು ಹೋಗೂದಿಲ್ಲ. ಸಂತೆ ದಿನ ಬರ್ತೆ. ಅಲ್ಲೇ ಕೊಡಿ.” ಮತ್ತೆ ಹೇಳಿದರು: “ಬರೆದದ್ದು ಯಾರು ಹೇಳಿ ಕೇಳಿದ್ರಿ ನೀವು. ಎಂತ ಬರೆದದ್ದು ಹೇಳಿ ಕೇಳಿದ್ರೆ ಸಾಕಾಗಿತ್ತು.”

ಮರುದಿನ, ಸಂತೆಗೆ ಇನ್ನೂ ನಾಲ್ಕು ದಿನ ಇರುವಾಗಲೇ, ಬಾಗಿಲ ಬಳಿಯ ನೋಟುಬುಕ್ಕಿನಲ್ಲಿ, ನನ್ನ ಪೂರ್ತಿ ಹೆಸರು ಹಾಕಿ, ನಡೆದದ್ದನ್ನೆಲ್ಲ ಬರೆದೆ. ಪುಸ್ತಕದಲ್ಲಿ ಏನಿತ್ತು, ನಾನು ಏನು ಮಾಡಿದೆ, ಹೊನ್ನೆ ಮರದ ಜಗಳವೂ ಸೇರಿ. ಸಂಜೆ ನೋಡಿದರೆ ಕೆಳಗೆ ಅದೇ ಎಡಕ್ಕೆ ವಾಲಿದ ಚೂಪು ಅಕ್ಷರ. ಕಣ್ಣು ಮುಚ್ಚಿ ತೆರೆದು ಓದಿದೆ.

‘ಅಕ್ಕೋರ ನಾಟಕ ಚೆನ್ನಾಗಿದೆ. ಹೊನ್ನೆ ಮರ ತೋಡಿನ ಈಚೆ. ಕಾರವಾರದ ಬಸ್ಸಿನ ಎಡಗಡೆ ಕಿಟಕಿಯಿಂದ ಕಾಣುತ್ತಿತ್ತು. ಹೂ ಬಿಟ್ಟಾಗ ಬಸ್ಸಿನೊಳಗೂ ಪರಿಮಳ.’

ನಾನು ದಂಗಾದೆ. ಆ ಜನರನ್ನು ಕಾಗೆಗಿಂತ ಕಡೆ ಎಂದ ಕೈಯೇ ಅವರ ಮರವನ್ನು ಇಷ್ಟು ಚೆನ್ನಾಗಿ ನೋಡಿಟ್ಟುಕೊಂಡಿತ್ತು! ಆ ಮನುಷ್ಯ ಒಳ್ಳೆಯವನಾದ ಎಂದುಕೊಳ್ಳಬೇಡಿ. ಮುಂದಿನ ತಿಂಗಳೇ ಮತ್ತೆ ಅದೇ ಕೊಳಕು ಸಾಲುಗಳು ಬಂದವು, ನಾನು ಮತ್ತೆ ಹರಿದು ಹಾಕಿದೆ. ಪೂರ್ತಿ ಓದಿದ ಮೇಲೆ ಹರಿದೆ, ಅಷ್ಟೇ ಬದಲಾವಣೆ. ಅವರು ಯಾರೆಂದು ನಿವೃತ್ತಿಯಾಗುವವರೆಗೂ ಗೊತ್ತಾಗಲಿಲ್ಲ.

ಸಂತೆಯ ದಿನ ಹನ್ನೊಂದು ಗಂಟೆಗೆ ಬೀರಣ್ಣ ಬಂದರು. ಬೆಂಚು ತುಂಬಿತ್ತು. ನಾನು ಎದ್ದು ನಿಂತೆ. ಮಾತು ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಕಳೆದ ಸಂತೆಯ ದಿನ ನಾನು ತಪ್ಪು ಮಾಡಿದೆ, ಬೀರಣ್ಣನವರು ಪುಸ್ತಕ ಹಾಳು ಮಾಡಿಲ್ಲ, ಹಾಳು ಮಾಡಿದವಳು ನಾನು, ಅವತ್ತು ನಕ್ಕದ್ದಕ್ಕೂ ಕ್ಷಮಿಸಬೇಕು ಎಂದು ಹೇಳಿದೆ. ಕಾರ್ಡನ್ನು ಎರಡೂ ಕೈಯಿಂದ ಕೊಟ್ಟೆ. ಯಾರೂ ನಗಲಿಲ್ಲ. ಬೆಂಚಿನ ಆ ತುದಿಯಲ್ಲಿ ಒಂದು ಪತ್ರಿಕೆ ಮುಖಕ್ಕಿಂತ ಮೇಲಕ್ಕೆ ಏರಿತು.

ಬೀರಣ್ಣ ಕಾರ್ಡನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು. ಆಮೇಲೆ ಬಾಗಿಲ ಬಳಿಯ ನೋಟುಬುಕ್ಕಿನ ಮುಂದೆ ನಿಂತು ನಾನು ಬರೆದದ್ದನ್ನು ನಿಧಾನವಾಗಿ ಓದಿದರು. ಕೆಳಗಿನ ಸಾಲುಗಳಿಗೆ ಬಂದಾಗ ಬೆರಳು ನಿಂತಿತು.

“ಇದು ಯಾರ ಕೈ?”

“ಗೊತ್ತಿಲ್ಲ ಬೀರಣ್ಣ. ನಿಮ್ಮ ಕೇರಿಯವರನ್ನು ಬೈದು ಬರೆಯುವವರೇ.”

ಅವರು ಮತ್ತೊಮ್ಮೆ ಓದಿದರು. ಬೆಂಚಿನ ಕಡೆ ತಿರುಗಲಿಲ್ಲ.

“ಮರ ಮಾತ್ರ ಸಮಾ ನೋಡಿದ್ದಾನೆ. ಇದನ್ನೂ ಇಳಿಸಿಕೊಳ್ಳಿ. ಹೊನ್ನಮ್ಮನಿಗೆ ಹೇಳಬೇಡಿ, ನನ್ನ ಜೀವ ತಿಂತಾಳೆ.”

ಮತ್ತೆ ನನ್ನ ಮೇಜಿನ ಮುಂದೆ ಬಂದು, ಹೆಗಲಿನ ಬಟ್ಟೆ ತೆಗೆದು ಹಾಸಿದರು.

“ಮೀನಿನ ಬಗ್ಗೆ ಎಂತಾದ್ರೂ ಪುಸ್ತಕ ಉಂಟಾ ಅಕ್ಕೋರೇ? ಅಂಚು ಸ್ವಲ್ಪ ಅಗಲ ಇರಬೇಕು. ಈ ಸಲ ಹೆಂಗಸ್ರು ಜಗಳಕ್ಕೆ ತಯಾರಾಗಿ ಕೂತಿದ್ದಾರೆ.”